ಗೆದ್ದು ಎದ್ದವನಿಗೆ ಬೋನಸ್ ಇಲ್ಲ

ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆಗೆಯುವವಳು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದರೆ, ಬಲಿಪಾಡ್ಯಮಿ ದಾಟುತ್ತಿದ್ದಂತೆ ಮುಚ್ಚಿದಳು ಅಂತಲೇ ಲೆಕ್ಕ. 300 ರೂಪಾಯಿ ಸಾಲಿನವರಾಗಲಿ, 1,000 ರೂಪಾಯಿ ಸಾಲಿನವರಾಗಲಿ, ಆಮೇಲೆ ಬಂದು ಬಾಗಿಲು ಬಡಿದರೆ ಪ್ರಯೋಜನವಿಲ್ಲ. ಈ ದೇಶದಲ್ಲಿ ‘ಲಿಮಿಟೆಡ್ ಟೈಮ್’ ಅನ್ನುವ ಮಾತನ್ನು ಅಕ್ಷರಶಃ ಪಾಲಿಸುವವಳು ಅವಳೊಬ್ಬಳೇ ಅಂತ ನನ್ನ ನಂಬಿಕೆ.

ಯಾಕೆಂದರೆ ಅದೇ ಸಾಲಿನಲ್ಲಿ ನಿಂತವರ ಜೇಬಿನ ಫೋನಿನಲ್ಲಿ ಗೇಮಿನ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ. ‘ದೀಪಾವಳಿ ವಿಶೇಷ! ಇವತ್ತು ರಾತ್ರಿ ಹನ್ನೆರಡಕ್ಕೆ ಕೊನೆ!’ ಹನ್ನೆರಡು ಹೊಡೆಯುತ್ತದೆ. ‘ನಿಮಗೋಸ್ಕರ ಇನ್ನೊಂದೇ ದಿನ!’ ಆಮೇಲೆ ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ, ಐಪಿಎಲ್. ಒಂಟಿಕೊಪ್ಪಲ್ ಪಂಚಾಂಗ ಹಿಡಿದು ಕೂತ ನಮ್ಮ ಜೋಯಿಸರಿಗೂ ಇಷ್ಟು ಹಬ್ಬ ಗೊತ್ತಿಲ್ಲ. ಗೇಮ್ ಕಂಪನಿಯವರಿಗೆ ಏಕಾದಶಿ ಒಂದು ಗೊತ್ತಿಲ್ಲ ನೋಡಿ; ಉಪವಾಸಕ್ಕೆ ಆಫರ್ ಕೊಡೋದು ಹೇಗೆ?

ಹಾಗಂತ ನಾವೇನು ಸಾಧುಗಳಲ್ಲ. ಯುಗಾದಿಯ ಮಾರನೇ ದಿನ, ಹೊಸ್ತೊಡಕಿಗೆ, ನಮ್ಮ ಸೀಮೆಯ ಯಾವ ಊರಿಗಾದರೂ ಹೋಗಿ. ಒಂದು ಕಡೆ ಬಾಡೂಟದ ಮಸಾಲೆ ಅರೆಯುವ ಸದ್ದು, ಇನ್ನೊಂದು ಕಡೆ ತೋಪಿನ ನೆರಳಲ್ಲಿ ಚಾಪೆ ಹಾಸಿ ಅಂದರ್ ಬಾಹರ್. ಪೊಲೀಸರು ಬಂದರೆ ಓಡುವುದೂ ಹಬ್ಬದ ಒಂದು ಭಾಗ. ಸಿಕ್ಕಿಬಿದ್ದವರ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಬೀಳುತ್ತದೆ, ಮಾರನೇ ದಿನದ ಪೇಪರಿನಲ್ಲಿ ‘ಜೂಜು: ಇಂತಿಷ್ಟು ಮಂದಿ ಬಂಧನ, ನಗದು ವಶ’ ಅಂತ ಎರಡು ಸಾಲು ಬರುತ್ತದೆ. ಅಲ್ಲಿಗೆ ಮುಗಿಯಿತು. ಮೂರನೇ ದಿನ ಚಾಪೆ ಸುತ್ತಿ ಅಟ್ಟ ಸೇರುತ್ತದೆ, ಆಡಿದವರು ಹೊಗೆಸೊಪ್ಪಿನ ಮಡಿಗೆ ನೀರು ಹಾಕಲು ಹೋಗುತ್ತಾರೆ.

ಅರಕಲಗೂಡಿನ ನಮ್ಮ ದೊಡ್ಡಪ್ಪನದ್ದು ಅಂದರ್ ಬಾಹರ್ ಅಲ್ಲ, ರಮ್ಮಿ. ಓದಿದ್ದು ಏಳನೇ ಕ್ಲಾಸು. ಆದರೆ 1967ರಲ್ಲಿ ಸುಪ್ರೀಂ ಕೋರ್ಟು ಸಿಕಂದರಾಬಾದಿನ ಕ್ಲಬ್ಬೊಂದರ ಕೇಸಿನಲ್ಲಿ ಏನು ಹೇಳಿತು ಅಂತ ಕೇಳಿ, ನಿದ್ದೆಗಣ್ಣಲ್ಲೂ ಒಪ್ಪಿಸುತ್ತಾರೆ: ಮೂರೆಲೆ ಆಟ ಬರೀ ಅದೃಷ್ಟ, ರಮ್ಮಿಗೆ ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಬಿಡಬೇಕು ಅನ್ನುವ ವಿವೇಚನೆ ಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ. ಆಲೂಗಡ್ಡೆ ಬಿತ್ತನೆ ಬೀಜದ ದುಡ್ಡು ಒಂದು ಸಲ ಫೋನಿನ ರಮ್ಮಿಯಲ್ಲಿ ಕರಗಿಹೋದಾಗ ದೊಡ್ಡಮ್ಮ ರಂಪ ಮಾಡಿದರು. ದೊಡ್ಡಪ್ಪ ಎದೆಯುಬ್ಬಿಸಿ, “ಅದೃಷ್ಟದಿಂದ ಸೋತಿಲ್ಲ ಕಣಮ್ಮೀ, ಕೌಶಲದಿಂದ ಸೋತಿದೀನಿ” ಅಂದರು. ದೇಶದ ದೊಡ್ಡ ದೊಡ್ಡ ವಕೀಲರು ಇದಕ್ಕಿಂತ ಹೆಚ್ಚೇನೂ ವಾದ ಮಾಡಿಲ್ಲ.

ನಮ್ಮ ಹಾಸನ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹಳೆಯ ಹೆಮ್ಮೆಯೂ ಇದೆ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಲ್ಲಿಸಿದ ಮುಖ್ಯಮಂತ್ರಿ ಕುಮಾರಸ್ವಾಮಿ ನಮ್ಮ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರು. ಬಸ್‌ಸ್ಟ್ಯಾಂಡಿನ ಲಾಟರಿ ಅಂಗಡಿಗಳು ಮಾಯವಾದವು. ಅದಾದ ಕೆಲವೇ ವರ್ಷಕ್ಕೆ ಬಸ್‌ಸ್ಟ್ಯಾಂಡಿನ ಪ್ರತಿ ಬೆಂಚಿನಲ್ಲೂ ಒಂದೊಂದು ಅಂಗಡಿ, ಅಂಗಡಿಯವನೂ ಗಿರಾಕಿಯೂ ಒಬ್ಬನೇ.

2021ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಕ್ಕೆ ಬೀಗ ಹಾಕಿತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟು, ಕೌಶಲದ ಆಟವನ್ನು ಜೂಜಿನ ಜೊತೆ ಸೇರಿಸಿದ್ದು ಸರಿಯಲ್ಲ ಅಂತ ಆ ಬೀಗ ತೆಗೆಯಿತು. ತಮಾಷೆ ಕೇಳಿ: ಅದೇ ಫೆಬ್ರವರಿ 14ರಂದು ದೆಹಲಿಯಲ್ಲಿ ಕೇಂದ್ರ ಸರ್ಕಾರ ಬಂದೂಕಿನ ಆಟ ಫ್ರೀ ಫೈರ್ ಸೇರಿ 54 ಆ್ಯಪ್‌ಗಳನ್ನು ಬ್ಯಾನ್ ಮಾಡಿತು. ಪ್ರೇಮಿಗಳ ದಿನ ದೊಡ್ಡಪ್ಪನಿಗೆ ರಮ್ಮಿ ವಾಪಸ್ಸು ಬಂತು, ಅಕ್ಕನ ಮಗನ ಬಂದೂಕು ಹೋಯಿತು. ಮನೆಯಲ್ಲಿ ಒಂದೇ ದಿನ ಒಬ್ಬರಿಗೆ ಹೋಳಿಗೆ, ಇನ್ನೊಬ್ಬರಿಗೆ ಸೂತಕ.

ಆಮೇಲೆ 2023ರ ಅಕ್ಟೋಬರಿನಿಂದ ಇಟ್ಟ ಪೂರ್ತಿ ದುಡ್ಡಿನ ಮೇಲೆ ಶೇ 28ರಷ್ಟು ಜಿಎಸ್‌ಟಿ. ಅದಕ್ಕೂ ಜಗ್ಗದೆ ಜಾಹೀರಾತು ಓಡಿತು. ‘ಇದು ಚಟವಾಗಬಹುದು, ಹಣಕಾಸಿನ ಅಪಾಯವಿದೆ, ಜವಾಬ್ದಾರಿಯಿಂದ ಆಡಿ’ ಅನ್ನುವುದನ್ನು ಕೊನೆಯಲ್ಲಿ ಒಬ್ಬರು ಒಂದೇ ಉಸಿರಿಗೆ ಉದುರಿಸುತ್ತಿದ್ದರಲ್ಲ, ಅಷ್ಟು ಅವಸರದಲ್ಲಿ ನಮ್ಮೂರ ಪುರೋಹಿತರು ಸಂಕಲ್ಪವನ್ನೂ ಹೇಳುವುದಿಲ್ಲ. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಎರಡೇ ದಿನದಲ್ಲಿ ಕಾನೂನು ಮುಗಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ದುಡ್ಡಿನ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರು ಅನ್ನುವುದು ಸರ್ಕಾರದ ಅಂದಾಜು. ಗಣೇಶನ ಹಬ್ಬಕ್ಕೆ ಐದೇ ದಿನ ಬಾಕಿ, ಹಬ್ಬದ ಆಫರ್ ಅಷ್ಟೂ ನೀರುಪಾಲು. ಟೀಮ್ ಇಂಡಿಯಾದ ಎದೆ ಮೇಲಿದ್ದ ಡ್ರೀಮ್ ಇಲೆವೆನ್ ಕೂಡ ಇಳಿದು, ಏಷ್ಯಾ ಕಪ್ಪಿಗೆ ನಮ್ಮ ಹುಡುಗರು ಬೋಳು ಅಂಗಿಯಲ್ಲೇ ಹೋದರು. ಕಂಪನಿಯವರು ಮತ್ತೆ ಕೋರ್ಟಿಗೆ ಹೋದರು. ಹೊಸ ಕಾನೂನಿನಲ್ಲಿ ಆಡಿದವನಿಗೆ ಶಿಕ್ಷೆಯಿಲ್ಲ ಅಂತ ತಿಳಿದಾಗ ದೊಡ್ಡಮ್ಮನಿಗೆ ಆದ ನಿರಾಶೆ ಹೇಳತೀರದು.

ಇನ್ನು ಬಂದೂಕಿನ ಆಟ. ಅಕ್ಕನ ಮನೆ ಚನ್ನರಾಯಪಟ್ಟಣ ತಾಲ್ಲೂಕು, ಶ್ರವಣಬೆಳಗೊಳದ ಪಕ್ಕ. ಇರುವೆ ತುಳಿದೇವೆಂದು ಹೆಜ್ಜೆ ನೋಡಿ ಇಡುವ ಮುನಿಗಳು ಓಡಾಡುವ ಊರಿನ ಬದಿಯಲ್ಲಿ ಕೂತು ನಮ್ಮ ಹುಡುಗ ಒಂದೇ ಆಟಕ್ಕೆ ಹನ್ನೆರಡು ಜನರನ್ನು ಕೆಡವಿ ‘ಚಿಕನ್ ಡಿನ್ನರ್’ ಗೆದ್ದೆ ಅಂತ ಕುಣಿಯುತ್ತಾನೆ. ಪಬ್‌ಜಿ 2020ರ ಸೆಪ್ಟೆಂಬರಿನಲ್ಲಿ ಹೋಯಿತು, ಹೆಸರು ಬದಲಿಸಿಕೊಂಡು ಬಿಜಿಎಂಐ ಆಗಿ 2021ರಲ್ಲಿ ಬಂತು, 2022ರಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. ಬರುವಾಗ ಒಂದಿಷ್ಟು ಮಡಿ ಉಟ್ಟುಕೊಂಡೇ ಬಂತು: ರಕ್ತ ಹಸಿರು, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ಗಂಟೆ. ಮೊದಲ ಸಲ ಬಂದಾಗಲೇ ಮಕ್ಕಳ ಖರ್ಚಿಗೂ ಒಂದು ಮಿತಿ ಹಾಕಿದ್ದರು, ದಿನಕ್ಕೆ 7,000 ರೂಪಾಯಿ! ತೆಂಗಿನ ತೋಟದ ಅಪ್ಪನ ಮುಂದೆ ನಿಂತು ‘ಅಪ್ಪಾ, ನಾನು ಮಿತಿಯೊಳಗೇ ಇದೀನಿ’ ಅನ್ನುವ ಮಗನನ್ನು ಸುಮ್ಮನೆ ಕಲ್ಪಿಸಿಕೊಳ್ಳಿ.

ಹೊರದೇಶದವರೂ ಪರದಾಡಿದ್ದಾರೆ. ಹಿಂಸೆಯ ಆಟವನ್ನು ಮಕ್ಕಳಿಗೆ ಮಾರಬಾರದು ಅಂದ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟು 2011ರಲ್ಲಿ ತಳ್ಳಿಹಾಕಿತು. ಚೀನಾದವರು 2021ರಲ್ಲಿ, ಮಕ್ಕಳು ಶುಕ್ರವಾರ, ಶನಿವಾರ, ಭಾನುವಾರ, ರಜಾ ದಿನ ರಾತ್ರಿ ಎಂಟರಿಂದ ಒಂಬತ್ತು ಮಾತ್ರ ಆಡಬಹುದು ಅಂದರು. ನಮ್ಮಲ್ಲಿ ಅದು ಧಾರಾವಾಹಿಯ ಹೊತ್ತು. ಅಮ್ಮ ಟಿವಿ ಮುಂದಿರುವಾಗ ಮಗನ ಕೈಲಿ ಫೋನು ಕೊಟ್ಟು ಕೂರಿಸುವುದನ್ನು ನಾವು ಯಾವ ಕಾನೂನೂ ಇಲ್ಲದೆ ಜಾರಿ ಮಾಡಿದ್ದೇವೆ.

ಆದರೆ ಹಿಂಸೆ ನಿಯಂತ್ರಣದ ಮಾತು ಬಂದರೆ ಬೆಳಗೊಳದ ಬೆಟ್ಟದ ಮೇಲೆ ನಿಂತ ಬಾಹುಬಲಿಯ ಕಥೆಗೆ ಸಮನಾದದ್ದು ಯಾವ ಕೋರ್ಟಿನಲ್ಲೂ ಇಲ್ಲ. ಪಂಪ 941ರಲ್ಲೇ ಆದಿಪುರಾಣದಲ್ಲಿ ಬರೆದಿಟ್ಟಿದ್ದಾನೆ. ಅಣ್ಣ ಭರತ, ತಮ್ಮ ಬಾಹುಬಲಿ ಇಬ್ಬರ ಸೇನೆಯೂ ಎದುರಾಬದುರಾ ನಿಂತಾಗ ಮಂತ್ರಿಗಳು ಅಡ್ಡ ಬಂದರು. ಸಾವಿರಾರು ಜನ ಸಾಯುವುದು ಬೇಡ, ನೀವಿಬ್ಬರೇ ಆಡಿ ತೀರಿಸಿಕೊಳ್ಳಿ ಅಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ: ಮೂರೇ ರೌಂಡು, ರಕ್ತದ ಬಣ್ಣದ ಪ್ರಶ್ನೆಯೇ ಇಲ್ಲ. ಮೂರರಲ್ಲೂ ತಮ್ಮ ಗೆದ್ದ. ಸೋತ ಅಣ್ಣ ತಡೆಯಲಾರದೆ ಬೇರೆ ಯಾರ ಬಳಿಯೂ ಇಲ್ಲದ ಚಕ್ರರತ್ನ ತೆಗೆದು ಬಿಟ್ಟ. ಈಗಿನ ಹುಡುಗರ ಭಾಷೆಯಲ್ಲಿ ಪ್ರೀಮಿಯಂ ಆಯುಧ. ಅದು ತಮ್ಮನಿಗೆ ಪ್ರದಕ್ಷಿಣೆ ಹಾಕಿ ಸುಮ್ಮನೆ ನಿಂತಿತು! ಹೀಗೆ ಕೈಕೊಡುವ ಚಕ್ರವನ್ನು ಯಾವ ಕಂಪನಿ ತಾನೇ ಹಬ್ಬದ ರಿಯಾಯಿತಿಯಲ್ಲಿ ಮಾರೀತು?

ಅದಕ್ಕಿಂತ ದೊಡ್ಡ ನಷ್ಟ ಆಮೇಲಿನದು. ಗೆದ್ದವನು ಇನ್ನೊಂದು ಆಟ ಅನ್ನಲಿಲ್ಲ. ರಾಜ್ಯವನ್ನು ಅಣ್ಣನಿಗೇ ಬಿಟ್ಟು ಎದ್ದು ನಡೆದ. ಕೌಶಲವೋ ಅದೃಷ್ಟವೋ ಅಂತ ನ್ಯಾಯಮೂರ್ತಿಗಳು ತೂಗುತ್ತಲೇ ಇರಲಿ, ವ್ಯಾಪಾರ ನಿಂತಿರುವುದು ಜನ ಏಳದೆ ಇರುವುದರ ಮೇಲೆ. ಸೋತವನಿಗೆ ‘ವಾಪಸ್ ಗೆಲ್ಲಿ’ ಅಂತ ಬೋನಸ್, ಗೆದ್ದವನಿಗೆ ‘ಇನ್ನೂ ಗೆಲ್ಲಿ’ ಅಂತ ಬೋನಸ್. ಎದ್ದು ಹೋದವನಿಗೆ ಏನು ಕೊಡುವುದು? ಬಳ್ಳಿ ಹಬ್ಬುವ ತನಕ ನಿಂತರೂ ಅವನ ಅಕೌಂಟಿನಲ್ಲಿ ಒಂದು ಡೈಮಂಡ್ ಇರುವುದಿಲ್ಲ.

ಇಷ್ಟನ್ನೂ ನಮ್ಮ ಹುಡುಗನಿಗೆ ಇಂದ್ರಗಿರಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೇಳಿದೆ. ಬಾಯಿ ತೆರೆದು ಕೇಳಿದ.

“ಮಾವ, ಹಂಗಾದ್ರೆ ಬಾಹುಬಲಿ ಸೋಲೋನಾ? ಸ್ಕ್ವಾಡ್ ಇರ್ಲಿಲ್ವಾ?”

“ಇರಲಿಲ್ಲ ಕಣೋ.”

“ಮೂರಕ್ಕೆ ಮೂರೂ? ಸಖತ್ತಾಗಿ ಆಡಿದಾನೆ ಬಿಡಿ,” ಅಂದವನು ಸುತ್ತ ನೋಡಿ ದನಿ ತಗ್ಗಿಸಿದ. “ನಂದು ಡೇಟಾ ಖಾಲಿ ಮಾವ. ಸ್ವಲ್ಪ ಹಾಟ್‌ಸ್ಪಾಟ್ ಹಾಕ್ತೀರಾ? ಈವೆಂಟು ಇವತ್ತೇ ಲಾಸ್ಟು.”