ಎಫ್‌ಎಸಿ ಸರ್

ಬೆಳಿಗ್ಗೆ ಒಂಬತ್ತಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಝಣಝಣ ಸದ್ದು ಕೇಳಿದರೆ ಯಾರೋ ಗೆಜ್ಜೆ ಕಟ್ಟಿದ ಎತ್ತು ಹೊಡಕೊಂಡು ಬಂದರು ಅಂದುಕೊಳ್ಳಬೇಡಿ. ನಮ್ಮ ಎಫ್‌ಎಸಿ ಸರ್ ಬಂದರು ಅಂತ ಅರ್ಥ. ಅವರ ಪ್ಯಾಂಟಿನ ಎಡಜೇಬಿನಲ್ಲಿ ಹನ್ನೊಂದು ಬೀಗದ ಕೈಗಳ ಗೊಂಚಲು. ಒಂದೊಂದಕ್ಕೂ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ ಸುತ್ತಿ ಬಾಲ್‌ಪೆನ್ನಿನಲ್ಲಿ ಬರೆದಿದ್ದಾರೆ: ಪ್ರಿನ್ಸಿ, ಫಿಸಿಕ್ಸ್, ಲೈಬ್ರರಿ, ಪರೀಕ್ಷೆ, ಎನ್ನೆಸ್ಸೆಸ್, ನ್ಯಾಕ್. ಗೊಂಚಲಿನ ಭಾರಕ್ಕೆ ಪ್ಯಾಂಟು ಎಡಕ್ಕೆ ಜಗ್ಗಿ ಜಗ್ಗಿ, ಅವರ ನಡಿಗೆಯೇ ಒಂದಿಷ್ಟು ವಾರೆಯಾಗಿದೆ.

ಎಫ್‌ಎಸಿ ಅಂದರೆ ಫುಲ್ ಅಡಿಷನಲ್ ಚಾರ್ಜ್. ತನ್ನ ಕೆಲಸದ ಮೇಲೆ ಇಲ್ಲದವರ ಕೆಲಸವನ್ನೂ ಪೂರ್ತಿ ಹೊರುವುದು. ಕೃಷ್ಣಾ ನದಿಯಾಚೆ, ಕರ್ನಾಟಕದ ರಾಯಚೂರಿನಲ್ಲಿ ಇದನ್ನೇ ‘ಪ್ರಭಾರ’ ಅನ್ನುತ್ತಾರೆ; ಭಾರ ಅಲ್ಲೂ ಅಷ್ಟೇ. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರರಲ್ಲಿ ನಮ್ಮ ಕಾಲೇಜು ಯಾವ ಊರಿನದು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಉಳಿದೆರಡು ಊರಿನವರು, ‘ನಮ್ಮ ಸರ್ ಕಥಿ ಬರದು ಅವರ ಹೆಸರು ಹಾಕೀರಿ’ ಅಂತ ಜಗಳಕ್ಕೆ ಬರುತ್ತಾರೆ.

ಸರ್ ಮೂಲತಃ ಇತಿಹಾಸದ ಲೆಕ್ಚರರ್. ಚಾರ್ಜಿನ ಇತಿಹಾಸವನ್ನೂ ಅವರೇ ಹೇಳಬೇಕು. ‘1956ರ ನವೆಂಬರ್ ಒಂದಕ್ಕ ರಾಯಚೂರು ಜಿಲ್ಲಾದ ಗದ್ವಾಲ, ಆಲಂಪುರ ತಾಲ್ಲೂಕ ಎರಡನ್ನೂ ಮಹಬೂಬನಗರಕ್ಕ ಕೊಟ್ರಲ್ಲ ತಮ್ಮಾ, ಅದೇ ಈ ಭಾಗದ ಮೊದಲನೇ ಅಡಿಷನಲ್ ಚಾರ್ಜು. ಇನ್ನಾ ಯಾರೂ ರಿಲೀವ್ ಮಾಡಿಲ್ಲ.’ ಮುಂದೆ ಗದ್ವಾಲ 2016ರಲ್ಲಿ ಜಿಲ್ಲೆಯಾಯಿತು, ನಾರಾಯಣಪೇಟೆ 2019ರಲ್ಲಿ. ಪ್ರತಿ ಸಲವೂ ನಮ್ಮಲ್ಲಿಗೆ ಹೊಸ ವಿಳಾಸದ ರಬ್ಬರ್ ಸ್ಟಾಂಪು ಬಂತು, ಹೊಸ ಮೇಷ್ಟ್ರು ಬರಲಿಲ್ಲ.

ಸರ್ ಆಡಳಿತವನ್ನು ನೋಡಬೇಕೆಂದರೆ ಸ್ಟಾಫ್ ಕೌನ್ಸಿಲ್ ಸಭೆಗೆ ಬರಬೇಕು. ನಾನು ಗೆಸ್ಟ್ ಲೆಕ್ಚರರ್, ಓಟು ಹಾಕುವ ಹಕ್ಕಿಲ್ಲ, ಚಹಾ ಕುಡಿಯುವ ಹಕ್ಕಿದೆ. ರಿಜಿಸ್ಟರಿನ ಪ್ರಕಾರ ಎಂಟು ವಿಭಾಗಗಳ ಮುಖ್ಯಸ್ಥರು ಹಾಜರು. ಎಣಿಸಿದರೆ ಕುರ್ಚಿಯಲ್ಲಿ ಮೂರೇ ಜನ. ಆರು ಸಹಿ ಸರ್ ಅವರದು, ಒಂದೊಂದು ಹುದ್ದೆಗೆ ಒಂದೊಂದು ಓರೆ. ಫಿಸಿಕ್ಸ್ ಮುಖ್ಯಸ್ಥರಾಗಿ ಅವರೊಂದು ಮಾತು ಎತ್ತುತ್ತಾರೆ, ಕಾಮರ್ಸ್ ಮುಖ್ಯಸ್ಥರಾಗಿ ಆಕ್ಷೇಪಿಸುತ್ತಾರೆ, ಪ್ರಿನ್ಸಿಪಾಲರಾಗಿ ‘ಸರ್ವಾನುಮತದಿಂದ ಮುಂದೂಡಲಾಗಿದೆ’ ಅಂತ ಬರೆಸುತ್ತಾರೆ.

ಇದೆಲ್ಲ ತಮಾಷೆಗೆ ಅಂದುಕೊಂಡಿದ್ದೆ, ಫೈಲು ನೋಡುವವರೆಗೆ. ಜೂನ್ 3ರಂದು ಇತಿಹಾಸ ವಿಭಾಗದ ಮುಖ್ಯಸ್ಥರು ಪ್ರಿನ್ಸಿಪಾಲರಿಗೆ ಪತ್ರ ಬರೆದಿದ್ದಾರೆ: ‘ಒಬ್ಬ ರೆಗ್ಯುಲರ್ ಲೆಕ್ಚರರನ್ನು ಒದಗಿಸಬೇಕಾಗಿ ವಿನಂತಿ.’ ಜೂನ್ 7ಕ್ಕೆ ಪ್ರಿನ್ಸಿಪಾಲರು ಕೇಳಿದ್ದಾರೆ: ‘ಕೆಲಸದ ಒತ್ತಡದ ವಿವರ ಸಲ್ಲಿಸಿ.’ ವಿವರ ಹೋಗಿಲ್ಲ. ಜೂನ್ 20ಕ್ಕೆ ನೆನಪೋಲೆ. ಜೂನ್ 28ಕ್ಕೆ ಮೆಮೊ: ‘ವಿಳಂಬಕ್ಕೆ ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.’ ಸಮಜಾಯಿಷಿಯೂ ಇದೆ: ‘ಕೆಲಸದ ಒತ್ತಡದಿಂದಾಗಿ ಕೆಲಸದ ಒತ್ತಡದ ವಿವರ ಕೊಡಲಾಗಿಲ್ಲ.’ ಕೆಳಗೆ ಪ್ರಿನ್ಸಿಪಾಲರ ಷರಾ: ‘ಎಚ್ಚರಿಕೆ ನೀಡಿ ಬಿಡಲಾಗಿದೆ.’ ಬರೆದವರೂ ಬರೆಸಿಕೊಂಡವರೂ ಬೈದವರೂ ಬೈಸಿಕೊಂಡವರೂ ಒಬ್ಬರೇ.

‘ಏನ್ ಸರ್ ಇದು?’ ಅಂದೆ.

‘ಫೈಲಿಗೆ ಮುಖ ಗೊತ್ತಿರಂಗಿಲ್ಲ ತಮ್ಮಾ, ಹುದ್ದಿ ಅಷ್ಟೇ ಗೊತ್ತು. ನಾಳೆ ಆಡಿಟಿನವ್ರು ಬಂದು, ನಿನಗ ನೀ ಯಾಕ ಕೇಳಲಿಲ್ಲ ಅಂದ್ರ?’

ಇನ್ನು ಆದ್ಯತಾ ಪಟ್ಟಿ. ಯಾವ ಹುದ್ದೆಯನ್ನು ಮೊದಲು ತುಂಬಬೇಕು ಅಂತ ವರ್ಷವರ್ಷ ಮೇಲಕ್ಕೆ ಕಳಿಸುವ ಕಾಗದ ಇದು. ಡಿಗ್ರಿ ಪ್ರವೇಶ 2016ರಿಂದ ಆನ್‌ಲೈನು, ಅದರ ಹೆಸರೇ ‘ದೋಸ್ತ್’. ಹುಡುಗರು ದೋಸ್ತ್‌ನಲ್ಲಿ ಎಲ್ಲಿ ಒತ್ತುತ್ತಾರೋ ಆ ವಿಷಯಕ್ಕೆ ಜೀವ. ಕಂಪ್ಯೂಟರ್ ಒಂದನೇ ಆದ್ಯತೆ, ಕಾಮರ್ಸ್ ಎರಡನೇದು, ಇಂಗ್ಲಿಷ್ ಮೂರನೇದು. ಇತಿಹಾಸ ಕಟ್ಟಕಡೆಗೆ. ಮೇಷ್ಟ್ರಿಲ್ಲ ಅಂತ ಹುಡುಗರು ಬರುವುದಿಲ್ಲ, ಹುಡುಗರಿಲ್ಲ ಅಂತ ಮೇಷ್ಟ್ರನ್ನು ಕೊಡುವುದಿಲ್ಲ. ಗಡಿಯ ಕೃಷ್ಣಾ, ಗುಡೇಬಲ್ಲೂರು ಊರುಗಳ ಕನ್ನಡ ಶಾಲೆಗಳಲ್ಲಿ ಕಲಿತು ಬಂದ ಹುಡುಗರು ‘ಕನ್ನಡ ಐತೇನ್ರೀ ಸರ್?’ ಅಂತ ಕೇಳಿದಾಗ ಸರ್ ಪಟ್ಟಿ ತೋರಿಸುತ್ತಾರೆ. ಇತಿಹಾಸದ ಕೆಳಗೆ ‘ಇತರೆ’ ಅಂತ ಒಂದು ಸಾಲಿದೆ. ‘ಐತಿ. ಇದರಾಗ ಐತಿ.’

ನನ್ನ ಹುದ್ದೆಯನ್ನೂ ಸರ್ ಎಷ್ಟೋ ಸಲ ಆದ್ಯತೆಗೆ ಸೇರಿಸಲು ನೋಡಿದರು. ಆದರೆ ಅದು ನನಗೇ ಸಿಗಲು ತೊಡಕು ಏನೆಂದರೆ, ನಮ್ಮ ಮನೆ ಕೃಷ್ಣಾ ಸ್ಟೇಷನ್ನಿನ ಹತ್ತಿರ, ಅಜ್ಜಿ ಮನೆ ರಾಯಚೂರು. ಅಜ್ಜಿಯ ಜೋಳದ ರೊಟ್ಟಿ ತಿನ್ನುತ್ತಾ ಏಳನೇ ತರಗತಿವರೆಗೆ ಅಲ್ಲೇ ಓದಿದೆ. ಎಂಎ ಗುಲಬರ್ಗಾ ವಿಶ್ವವಿದ್ಯಾಲಯದ್ದು. 2018ರ ರಾಷ್ಟ್ರಪತಿ ಆದೇಶದ ಪ್ರಕಾರ ತೆಲಂಗಾಣದಲ್ಲಿ ಲೋಕಲ್ ಅನ್ನಿಸಿಕೊಳ್ಳಲು ಒಂದರಿಂದ ಏಳನೇ ತರಗತಿಯೊಳಗೆ ಕನಿಷ್ಠ ನಾಲ್ಕು ವರ್ಷ ಇಲ್ಲಿ ಓದಿರಬೇಕು. ಹಾಗಾಗಿ ಇಲ್ಲಿ ನಾನ್‌ಲೋಕಲ್. ಆ ಕಡೆ ರಾಯಚೂರಿಗೆ ಹೋದರೆ, ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಸರ್ಟಿಫಿಕೇಟು ಕೇಳುತ್ತಾರೆ. ಅದಕ್ಕೆ ಅಲ್ಲಿ ಹುಟ್ಟಿರಬೇಕು, ಇಲ್ಲವೇ 2013ಕ್ಕೆ ಮೊದಲು ಹತ್ತು ವರ್ಷ ಅಲ್ಲಿ ನೆಲೆಸಿರಬೇಕು. ನಾನು ಹೈಸ್ಕೂಲಿಗೆ ಮನೆಗೆ ವಾಪಸ್ ಬಂದವನು. ಸರ್ ಎರಡೂ ನಿಯಮ ಓದಿ ಕನ್ನಡಕ ತೆಗೆದರು. ‘ಹಂಗಾದ್ರ ನೀನು ನಡು ಹೊಳಿಯ ದೇವಸೂಗೂರು ಸೇತುವೆ ಮ್ಯಾಲಷ್ಟೇ ಲೋಕಲ್.’

ಪಿಎಚ್‌ಡಿ ಮಾಡು ಅಂದವರೂ ಅವರೇ. ವಿಶ್ವವಿದ್ಯಾಲಯದ ವಿಭಾಗಗಳಿಗೆ ಪಿಎಚ್‌ಡಿ ಕಡ್ಡಾಯ ಅಂತ ಯುಜಿಸಿ 2018ರಲ್ಲಿ ಹೇಳಿತ್ತು, 2021ರ ಜುಲೈನಿಂದ. ಕೊರೊನಾ ಬಂದು 2023ರ ಜುಲೈಗೆ ಹೋಯಿತು. ನಾನು ರಾತ್ರಿ ಹಗಲು ಕೂತು ಟೈಪ್ ಮಾಡಿಸಿ, ಬೈಂಡ್ ಮಾಡಿಸಿ ಸಲ್ಲಿಸಿದೆ. ಆ ಜುಲೈನಲ್ಲೇ ಯುಜಿಸಿ ಹೇಳಿತು: ಕಡ್ಡಾಯವೇನಲ್ಲ, ನೆಟ್ ಅಥವಾ ಸೆಟ್ ಸಾಕು. ಸರ್ ನನಗೆ ಮಿರ್ಚಿ, ಮಂಡಕ್ಕಿ ಒಗ್ಗರಣೆ ತಿನ್ನಿಸಿ ಸಮಾಧಾನ ಮಾಡಿದರು. ‘ಇರಲಿ ಬಿಡು, ನಮ್ಮ ನ್ಯಾಕ್ ಫೈಲಿನಾಗ ಒಂದು ಪಿಎಚ್‌ಡಿ ಹೆಚ್ಚಾತು.’ ಅತಿಥಿ ಉಪನ್ಯಾಸಕರಿಗೆ ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ 50,000 ಮೀರದಂತೆ ಕೊಡಬಹುದು ಅಂತ ಯುಜಿಸಿ 2019ರಲ್ಲಿ ಬರೆದ ಪತ್ರವನ್ನೂ ಅವರು ನನಗೆ ಓದಿ ತೋರಿಸಿದ್ದಾರೆ. ಬಹಳ ಚೆಂದದ ಪತ್ರ. ಒಂದು ಝೆರಾಕ್ಸ್ ನನ್ನ ಬಳಿ ಇದೆ.

ಇಷ್ಟೆಲ್ಲ ನೋಡಿದ ಮೇಲೆ ನಮ್ಮೊಳಗೆ ಒಂದು ಗುಸುಗುಸು ಇತ್ತು. ಸರ್‌ಗೆ ಈ ಗೊಂಚಲಿನ ರುಚಿ ಹತ್ತಿದೆ, ಹುದ್ದೆ ತುಂಬಿದರೆ ಝಣಝಣ ಕಮ್ಮಿಯಾಗುತ್ತದೆ, ಅದಕ್ಕೇ ಪಟ್ಟಿ ಹೀಗೆ ಕಳಿಸುತ್ತಾರೆ ಅಂತ. ಸರ್ಕಾರ 2021ರಲ್ಲಿ ನಿವೃತ್ತಿಯ ವಯಸ್ಸನ್ನು 58ರಿಂದ 61ಕ್ಕೆ ಏರಿಸಿದ ದಿನ ಅವರು ಸ್ಟಾಫ್‌ರೂಮಿಗೆ ಪೇಡಾ ಹಂಚಿದರು. ಗುಸುಗುಸು ಆಡುವವರಿಗೆ ಅದೇ ಸಾಕ್ಷಿಯಾಯಿತು. ನಾನೂ ಎರಡು ಪೇಡಾ ತಿಂದು ಹೂಂಗುಟ್ಟಿದ್ದೆ.

ಆ 61 ಕೂಡ ತುಂಬಿತು. ಕೊನೆಯ ದಿನ ಚಾರ್ಜು ಹಸ್ತಾಂತರ. ರೆಗ್ಯುಲರ್ ಒಬ್ಬರೇ ಉಳಿದಿದ್ದರು, ಅವರು ಮೆಡಿಕಲ್ ಲೀವ್ ಹಾಕಿ ಮಲಗಿದರು. ಗೆಸ್ಟಿಗೆ ಚಾರ್ಜು ಕೊಡಲು ನಿಯಮವಿಲ್ಲ. ಕೊನೆಗೆ ಪಕ್ಕದೂರಿನ ಕಾಲೇಜಿನ ಎಫ್‌ಎಸಿ ಸರ್ ಒಬ್ಬರು ಜುರಾಲ ಡ್ಯಾಮು ದಾಟಿ ಬಂದರು, ಅವರ ಎಡಜೇಬೂ ಜಗ್ಗಿತ್ತು. ಇಬ್ಬರೂ ಮೇಜಿನ ಮೇಲೆ ಗೊಂಚಲು ಬಿಚ್ಚಿ ಒಂದೊಂದೇ ಕೈ ಎಣಿಸಿದರು. ಹತ್ತು ಕೈಗೆ ಸಹಿಯಾಯಿತು. ಹನ್ನೊಂದನೆಯದು ಯಾವ ಪಟ್ಟಿಯಲ್ಲೂ ಇಲ್ಲ. ಅದರ ಮೇಲಿನ ಬಿಳಿ ಪಟ್ಟಿ ಹಳದಿಯಾಗಿತ್ತು, ಅಕ್ಷರ ಇನ್ನೂ ಕಾಣುತ್ತಿತ್ತು: ‘ಹೊಸಬರು’.

ಇತಿಹಾಸ ವಿಭಾಗದ ಮೂಲೆಯ ಕಬ್ಬಿಣದ ಬೀರು. ಕೊಬ್ಬರಿ ಎಣ್ಣೆ ಬಿಟ್ಟು ತಿರುವಿದ ಮೇಲೆ ಬೀಗ ತೆರೆಯಿತು. ಒಳಗೆ ಒಂದು ಪೆಟ್ಟಿಗೆ ಚಾಕ್‌ಪೀಸು, ಇನ್ನೂ ಬೋರ್ಡಿನ ಮುಖ ನೋಡದ ಒಂದು ಡಸ್ಟರು, ಖಾಕಿ ಕಾಗದದ ರಟ್ಟು ಹಾಕಿದ ಒಂದು ಹಾಜರಿ ಪುಸ್ತಕ. ಮೊದಲ ಪುಟಕ್ಕೆ ಸರ್ ತಾವೇ ಸ್ಕೇಲು ಹಿಡಿದು ಗೆರೆ ಎಳೆದಿದ್ದರು. ಹುದ್ದೆ: ರೆಗ್ಯುಲರ್ ಲೆಕ್ಚರರ್, ಇತಿಹಾಸ. ಹೆಸರಿನ ಜಾಗ ಖಾಲಿ. ಕೆಳಗೆ 2009ರ ತಾರೀಖು.

ನನಗೆ ಪೇಡಾ ನೆನಪಾಗಿ ಗಂಟಲು ಕಟ್ಟಿತು.

ಸರ್ ಹಾಜರಿ ಪುಸ್ತಕವನ್ನು ಅಲ್ಲೇ ಇಟ್ಟು ಬೀರು ಹಾಕಿದರು. ಬೀಗದ ಕೈಯನ್ನು ಹೊಸ ಎಫ್‌ಎಸಿ ಸರ್‌ಗೆ ಕೊಟ್ಟು, ರಿಜಿಸ್ಟರಿನಲ್ಲಿ ‘ಹನ್ನೊಂದು’ ಅಂತ ತಿದ್ದಿ ಸಹಿ ಹಾಕಿಸಿದರು. ಆಮೇಲೆ ನೋಡಿದರೆ ಡಸ್ಟರು ಅವರ ಕೈಯಲ್ಲೇ ಇತ್ತು. ಒಂದು ಗಳಿಗೆ ಹಿಂದೆ ಮುಂದೆ ನೋಡಿ ನನ್ನ ಚೀಲದೊಳಗೆ ತುರುಕಿದರು.

‘ನೀ ಒಯ್ಯಿ ತಮ್ಮಾ. ಇದು ಸ್ಟಾಕ್ ರಿಜಿಸ್ಟರಿನಾಗ ಇಲ್ಲ.’