ಫೋರ್ ನಾಟ್ ಟು

ನಮ್ಮ ಮೆಕ್ಯಾನಿಕಲ್ ಸೆಕ್ಷನ್ನಿನ ಹಾಜರಿ ಅರವತ್ತಕ್ಕೆ ಮುಗಿಯುತ್ತಿತ್ತು. ಮೂರನೇ ಸೆಮಿಸ್ಟರಿನಲ್ಲಿ, ಮೊದಲ ಇಂಟರ್ನಲ್ಸ್ ಹತ್ತಿರ ಬಂದಿದ್ದಾಗ, ಮೇಷ್ಟ್ರು ಅರವತ್ತರಿಂದ ಒಂದೇ ನೆಗೆತಕ್ಕೆ ನಾನೂರಕ್ಕೆ ಹಾರಿದರು. ‘ಫೋರ್ ನಾಟ್ ಟು’ ಎಂದಾಗ ಕೊನೇ ಬೆಂಚಿನಿಂದ ಒಬ್ಬ ಎದ್ದು ನಿಂತ. ನಮ್ಮಲ್ಲಿ ಹಾಜರಿಗೆ ಯಾರೂ ಎದ್ದು ನಿಲ್ಲುವುದಿಲ್ಲ. ಇಸ್ತ್ರಿ ಹಾಕಿದ ಶರಟು, ಜೇಬಿನಲ್ಲಿ ಎರಡು ಪೆನ್ನು, ಒಂದು ಉಕ್ಕಿನ ಸ್ಕೇಲು.

ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಕೊಡುವ ಯುಎಸ್‌ಎನ್, ಅಂದರೆ ನೋಂದಣಿ ಸಂಖ್ಯೆ, ಒಂಥರಾ ಜಾತಕ. ಕೊನೆಯ ಮೂರಂಕಿ ನಾನೂರರಿಂದ ಮೇಲಿದ್ದರೆ ಹುಡುಗ ಪಾಲಿಟೆಕ್ನಿಕ್ ಮುಗಿಸಿ, ಡಿಸಿಇಟಿ ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಬಂದವನು. ನಾವು ಪಿಯುಸಿ, ಕೋಚಿಂಗು, ಸಿಇಟಿ ರ‍್ಯಾಂಕು ಎಂದು ಬೆಂಗಳೂರಿನ ಈ ಕಾಲೇಜಿಗೆ ಬೆವರು ಸುರಿಸಿ ಬಂದವರು. ಇವನು ಪಕ್ಕದ ಬಾಗಿಲಿನಿಂದ ಬಂದನೆಂದು ನಮಗೆ ಒಳಗೊಳಗೇ ಉರಿ. ಅವನ ಲೆಕ್ಕವೇ ಬೇರೆ. “ನಿಮ್ದು ಎರಡು ಪ್ಲಸ್ ನಾಲ್ಕು, ನಮ್ದು ಮೂರು ಪ್ಲಸ್ ಮೂರು. ಎರಡೂ ಆರಽ ಆತಲ್ರೀ?” ಗಣಿತದಲ್ಲಿ ಹಿಂದೆ ಎಂದು ನಾವು ಕರುಣೆ ತೋರುತ್ತಿದ್ದವನು ಮೊದಲ ದಿನವೇ ಹೀಗೆ ಕೂಡಿಸಿ ತೋರಿಸಿದ.

ಆದರೂ ಬಾಯಿ ಬಿಟ್ಟರೆ ಅವನ ಪಲ್ಲವಿ ಒಂದೇ: “ನಾವು ಡಿಪ್ಲೊಮಾ ಮಂದಿರೀ, ನಮಗೇನ್ ಬರ್ತದ?” ನಾನು ಪೂರ್ತಿ ನಂಬಿದೆ. ನಾವು ಎರಡನೇ ಸೆಮಿಸ್ಟರಿನಲ್ಲಿ ಮುಗಿಸಿದ್ದ ಲಾಪ್ಲಾಸ್ ಪಾಪ ಅವನಿಗೆ ಗೊತ್ತಿರಲಿಲ್ಲ. ಡಿಪ್ಲೊಮಾದವರಿಗೆಂದೇ ಇದ್ದ ಹೆಚ್ಚುವರಿ ಗಣಿತವನ್ನೂ ಅವನು ಪಾಸು ಮಾಡಬೇಕಿತ್ತು. ಅದರ ಅಂಕ ಎಸ್‌ಜಿಪಿಎಗೆ ಸೇರುತ್ತಿರಲಿಲ್ಲ. ಪಾಸಾಗದಿದ್ದರೆ ಮಾತ್ರ ಡಿಗ್ರಿ ಇಲ್ಲ. ಮನ ಕರಗಿ ನನ್ನ ಥರ್ಮೊಡೈನಮಿಕ್ಸ್ ನೋಟ್ಸು ಕೊಟ್ಟೆ. ನಾಲ್ಕು ದಿನ ಬಿಟ್ಟು ವಾಪಸು ಬಂತು. ಹನ್ನೊಂದು ಕಡೆ ಪೆನ್ಸಿಲಿನಲ್ಲಿ ನನ್ನ ತಪ್ಪು ತಿದ್ದಿದ್ದ. ಪೆನ್ಸಿಲ್ ಯಾಕೆಂದರೆ, “ನಂದಽ ತಪ್ಪಿದ್ರ ಅಳಿಸಾಕ ಬರ್ಲಿ ಅಂತ್ರೀ.” ಒಂದನ್ನೂ ಅಳಿಸುವ ಪ್ರಸಂಗ ಬರಲಿಲ್ಲ.

ಮಷಿನ್ ಶಾಪಿನಲ್ಲಿ ನಮ್ಮ ಮಾನ ಪೂರ್ತಿ ಹೋಯಿತು. ಮೂರಂಕಿಯ ಸಿಇಟಿ ರ‍್ಯಾಂಕಿನ ಗೆಳೆಯನೊಬ್ಬ ಚಕ್ಕಿಗೆ ಕೀ ಸಿಕ್ಕಿಸಿಟ್ಟು, ಅದನ್ನು ತೆಗೆಯದೆ ಲೇತಿನ ಸ್ವಿಚ್ಚಿಗೆ ಕೈ ಹಾಕಿದ್ದ. ಫೋರ್ ನಾಟ್ ಟು ಓಡಿಬಂದು ಕೀ ಕಿತ್ತುಕೊಂಡ. “ಇದು ಹಾರಿ ಬಂದು ಬಡಿಯೂ ಮುಂದ ರ‍್ಯಾಂಕ್ ಎಷ್ಟು ಅಂತ ಕೇಳಂಗಿಲ್ರೀ!” ಆಮೇಲೆ ನಮ್ಮ ಬ್ಯಾಚಿನ ಎಲ್ಲರ ಜಾಬೂ ಒಂದೇ ಅಳತೆಗೆ, ಒಂದೇ ಹೊಳಪಿನಲ್ಲಿ ಬರತೊಡಗಿದವು. ಇನ್‌ಸ್ಟ್ರಕ್ಟರಿಗೆ ಕಾರಣ ಗೊತ್ತಿತ್ತು. ಅವರೂ ಡಿಪ್ಲೊಮಾದವರೇ, ಸುಮ್ಮನಿದ್ದರು.

ಪರೀಕ್ಷೆ ಮುಗಿದ ದಿನಗಳಲ್ಲಿ ಅವನ ಮುಖ ನೋಡಲಾಗುತ್ತಿರಲಿಲ್ಲ. “ಬ್ಯಾಕ್ ಆಗ್ತದ್ರೀ, ಗ್ಯಾರಂಟಿ.” ನಾವು ಸಮಾಧಾನ ಹೇಳಿ, ನಮ್ಮ ದುಡ್ಡಿನಲ್ಲೇ ಮಸಾಲೆ ದೋಸೆ ಕೊಡಿಸಿದೆವು. ಫಲಿತಾಂಶ ಬಂತು. ಅವನಿಗೆ 9.4. ದೋಸೆ ಕೊಡಿಸಿದ ನಾಲ್ವರಲ್ಲಿ ಯಾರೂ ಎಂಟು ಮುಟ್ಟಿರಲಿಲ್ಲ. “ಪೇಪರ್ ಸುಲಭ ಇತ್ತು ಕಾಣಸ್ತದ” ಎಂದು ತಲೆ ತಗ್ಗಿಸಿದ. ಅವನು ಜಂಬ ಕೊಚ್ಚಿಕೊಂಡಿದ್ದರೆ ನಾವು ಮನಸಾರೆ ಬೈಯಬಹುದಿತ್ತು. ಆ ಸುಖವನ್ನೂ ಕೊಡಲಿಲ್ಲ. ಅವನ ಸಂಕಟ ಬೇರೆಯೇ ಇತ್ತು: ಲೆಕ್ಕಕ್ಕೇ ಬಾರದ ಆ ಹೆಚ್ಚುವರಿ ಗಣಿತದಲ್ಲಿ ಅವನಿಗೆ ಎಲ್ಲಕ್ಕಿಂತ ಜಾಸ್ತಿ ಬಂದಿತ್ತು.

ಸೆಮಿಸ್ಟರು ಕಳೆದಂತೆ ಕ್ಲಾಸು ಅವನನ್ನು ಡಿಪ್ಲೊಮಾ ಎನ್ನುವುದನ್ನು ಮರೆಯಿತು, ಅವನು ಮರೆಯಲಿಲ್ಲ. ಪ್ರತಿ ಪರೀಕ್ಷೆಗೂ ಪಲ್ಲವಿ ಹಾಡಿದ, ಪ್ರತಿ ಪರೀಕ್ಷೆಗೂ ಯಾರೋ ಒಬ್ಬರು ದೋಸೆ ಕೊಡಿಸಿದರು. ನನ್ನ ಲೆಕ್ಕದಲ್ಲಿ ನಾನೇ ಎರಡು ಬಾರಿ.

ಅವನನ್ನು ನಿಜವಾಗಿ ಕಂಗಾಲು ಮಾಡಿದವರು ಒಬ್ಬರೇ, ಅವರಪ್ಪ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹಾಕುವ ರೈತ. ಆ 9.4 ಬಂದ ಸಂಜೆ ಹಾಸ್ಟೆಲಿನ ವರಾಂಡದಲ್ಲಿ ಮಗ ಫೋನು ಮಾಡಿದ. ಪಾಯಿಂಟು ಗೀಯಿಂಟು ಬೇಡ, ಪರ್ಸೆಂಟು ಹೇಳು ಅಂದರು. ಆಗಿನ ವಿಟಿಯು ಸೂತ್ರದಂತೆ ಪಾಯಿಂಟಿನಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ಇವನು ಗುಣಿಸಿ, ಎಂಬತ್ತಾರೂವರೆ ಎಂದ. ಪಾಲಿಟೆಕ್ನಿಕ್ಕಿನಲ್ಲಿ ಬಂದಿದ್ದು ತೊಂಬತ್ತೊಂದು. ಅಷ್ಟು ದೂರ ಹೋಗಿ, ಅಷ್ಟು ಫೀಸು ಕಟ್ಟಿ, ಕಡಿಮೆ ತಂದೆಯಲ್ಲೋ ಎಂದರು. ಮಗ ಬೆವರುತ್ತ ಸೂತ್ರ ಬಿಡಿಸಿ ಹೇಳಿದ. ಸ್ಪೀಕರ್ ಆನ್ ಇತ್ತು, ಸುತ್ತ ನಾವೆಲ್ಲ ನಿಂತಿದ್ದೆವು. ಅತ್ತ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಕೇಳಿದರು:

“ನಡುವ ಮುಕ್ಕಾಲು ಹೊಡಿಯಾಕ ಅಲ್ಲೂ ದಲಾಲರು ಅದಾರೇನೋ?”