ನಮ್ಮ ಜಡೆಗೆ ನಮ್ಮದೇ ಕೈ

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಜಡೆಯ ಮಾತೆತ್ತುವುದಕ್ಕೆ ಕೊಂಚ ಧೈರ್ಯ ಬೇಕು. ಅಲ್ಲಿರುವುದು ಪಂಚಲಿಂಗೇಶ್ವರನ ಗುಡಿ. 13ನೇ ಶತಮಾನದ ಹೊಯ್ಸಳರ ಕಟ್ಟಡ. ಸಾಲಾಗಿ ಐದು ಗರ್ಭಗುಡಿ, ಎಲ್ಲಕ್ಕೂ ಸೇರಿ ಒಂದೇ ಉದ್ದನೆಯ ಮಂಟಪ. ಅಂದರೆ ಐದು ಬಾಗಿಲಲ್ಲೂ ಜಟಾಧಾರಿಯೇ! ಬಾಚಣಿಗೆಯ ಗೊಡವೆಯೇ ಬೇಡವೆಂದು ಜಟೆ ಬಿಟ್ಟು, ಆ ಸಿಕ್ಕಿನಲ್ಲಿ ಗಂಗೆಯನ್ನೂ ಸಿಕ್ಕಿಸಿಕೊಂಡು ಕೂತ ಮಹಾನುಭಾವ. "ಅವನಿಗೇನಂತೆ, ಬೆಳಗಿನ ಬಸ್ ಹಿಡೀಬೇಕಾ?" ಎಂದು ಕಾಲೇಜಿಗೆ ಹೊರಟ ಹುಡುಗಿ ಕೇಳಿದರೆ ಯಾವ ಪೂಜಾರಿಯ ಬಳಿಯೂ ಉತ್ತರವಿಲ್ಲ.

ಬಸ್ಸು ಬರುವ ಹೊತ್ತಿಗೇ ಮನೆಮನೆಯಲ್ಲೂ ಈ ರಾಗ: "ಅವ್ವಾ, ಜಡೆ ಹಾಕ್ಬಾ!" ಒಳಗಿಂದ ಉತ್ತರ: "ಮುದ್ದೆ ತಿರುವ್ತಾ ಇವ್ನಿ, ನಿನ್ ಜಡೆ ನೀನೇ ಹಾಕ್ಕೊ. ಕತ್ತೆ ವಯಸ್ಸಾಯ್ತು!"

ಹೇಳುವುದು ಸುಲಭ. ಪುರಾಣ, ಶಿಲ್ಪ ಎಲ್ಲ ಜಾಲಾಡಿದರೂ ತನ್ನ ಜಡೆಯನ್ನು ತಾನೇ ಹಾಕಿಕೊಂಡವಳು ಕಣ್ಣಿಗೆ ಬೀಳುವುದು ಕಷ್ಟ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ದರ್ಪಣ ಸುಂದರಿಯನ್ನೇ ನೋಡಿ. ಒಂದು ಕೈ ಕನ್ನಡಿಗೇ ಮೀಸಲು. ಉಳಿದ ಒಂದೇ ಕೈಯಲ್ಲಿ ಯಾವ ಜಡೆ ಆದೀತು? ಯಾರೋ ಹಾಕಿಕೊಟ್ಟು ಹೋದಮೇಲೆ ನಿಂತು ನೋಡಿಕೊಳ್ಳುತ್ತಿದ್ದಾಳೆ, ಅಷ್ಟೆ. ಇನ್ನು ದ್ರೌಪದಿ. ನಮ್ಮ ಪಾಂಡವಪುರದ ಕುಂತಿಬೆಟ್ಟದಲ್ಲಿ ಪಾಂಡವರು ತಂಗಿದ್ದರೆಂಬ ನಂಬಿಕೆಯಿದೆ, ಹಾಗಾಗಿ ಆಕೆ ನಮ್ಮ ಜಿಲ್ಲೆಯವಳೇ ಅನ್ನಿ. ಬಿಚ್ಚಿದ ಮುಡಿಯನ್ನು ಆಕೆ ತಾನೇ ಕಟ್ಟಿಕೊಳ್ಳಲಿಲ್ಲ. ರನ್ನನ 'ಗದಾಯುದ್ಧ'ದಲ್ಲಿ ಕೊನೆಗೆ ಕಟ್ಟಿದವನು ಭೀಮ. ಗದೆ ಹಿಡಿದ ಕೈಗೇ ಕೂದಲು ಒಗ್ಗಿತು. ಟ್ರ್ಯಾಕ್ಟರ್ ಹಿಡಿಯುವ ಅಪ್ಪಂದಿರು ಮಾತ್ರ "ಅದೆಲ್ಲ ನಂಗೆ ಬರಾಕಿಲ್ಲ" ಎಂದು ಎಲೆಅಡಿಕೆ ಹಾಕಿಕೊಂಡು ಕೂರುತ್ತಾರೆ.

ಹೀಗಾಗಿ ಹುಡುಗಿ ತಾನೇ ಕಲಿಯಬೇಕು. ಮೊದಲ ಪಾಠ: ಕನ್ನಡಿಯನ್ನು ನಂಬಬಾರದು. ಹಿಂದೊಂದು ಮುಂದೊಂದು ಕನ್ನಡಿ ಇಟ್ಟುಕೊಂಡರಂತೂ ಕೈಗೂ ಕಣ್ಣಿಗೂ ತಾಳಮೇಳ ತಪ್ಪುತ್ತದೆ. ಗೋವಿಂದನಹಳ್ಳಿಯ ಗುಡಿಯಲ್ಲಿ ಹೆಸರು ಬಿಟ್ಟುಹೋದ ರೂವಾರಿ ಮಲ್ಲಿತಮ್ಮ ಕಲ್ಲನ್ನು ಎದುರಿಗಿಟ್ಟುಕೊಂಡು ಕೆತ್ತಿದ. ಜಡೆಯೋ, ಬೆನ್ನ ಹಿಂದೆ ಕುರುಡಾಗಿ ಕೆತ್ತಬೇಕಾದ ಶಿಲ್ಪ. ಇಲ್ಲಿ ಬೆರಳಿಗೇ ಕಣ್ಣು ಬರಬೇಕು.

ಸಿಕ್ಕು ಬಿಡಿಸುವುದು ತುದಿಯಿಂದ, ಮೇಲಮೇಲಕ್ಕೆ ಹೋಗುತ್ತಾ. ಬುಡದಿಂದಲೇ ಎಳೆದರೆ ಸಿಕ್ಕೆಲ್ಲ ಕೆಳಗಿಳಿದು ಒಂದೇ ಗಂಟಾಗಿ ಅರ್ಧ ಕೂದಲು ಬಾಚಣಿಗೆಯ ಪಾಲು. ಅಂಗೈಗೆ ಚೂರು ಕೊಬ್ಬರಿ ಎಣ್ಣೆ ಸವರಿಕೊಂಡು, ಕತ್ತಿನ ಹಿಂದೆ ಕೂದಲನ್ನು ಮೂರು ಸಮಪಾಲು ಮಾಡಿ. ಬಲಗಡೆಯದು ನಡುವಿನದರ ಮೇಲೆ. ಆಮೇಲೆ ಎಡಗಡೆಯದು, ಈಗ ನಡುವೆ ಬಂದದ್ದರ ಮೇಲೆ. ವಿದ್ಯೆ ಇಷ್ಟೇ. ಸಲಸಲಕ್ಕೂ ಎರಡು ಪಕ್ಕದ ಎಳೆ ಜಗ್ಗಿ ಬಿಗಿ ಮಾಡುತ್ತಿರಬೇಕು. ಮೇಲೆ ಹೆಣೆಯುತ್ತಿದ್ದಂತೆ ಕೆಳಗೆ ತುದಿಗಳು ತಮ್ಮಷ್ಟಕ್ಕೆ ತಾವೇ ಉಲ್ಟಾ ಹೆಣೆದುಕೊಳ್ಳುತ್ತಿರುತ್ತವೆ. ಆಗಾಗ ಬೆರಳಾಡಿಸಿ ಬಿಡಿಸದಿದ್ದರೆ ಕೆಲಸ ನಡುವಲ್ಲೇ ನಿಲ್ಲುತ್ತದೆ. ರಟ್ಟೆ ನೋಯುತ್ತದೆಂದು ಜಡೆಯನ್ನು ಬೇಗನೆ ಹೆಗಲ ಮೇಲೆ ತಂದುಕೊಂಡಿರೋ, ಅದು ದಿನವಿಡೀ ಆ ಕಡೆಗೇ ವಾಲಿಕೊಂಡಿರುತ್ತದೆ. ಹೆಗಲು ದಾಟುವವರೆಗೂ ಹಿಂದೆಯೇ ಇರಲಿ, ಕತ್ತು ನೆಟ್ಟಗಿರಲಿ. ಮೂರೆಳೆ ಕೈಗೆ ಹತ್ತಿದ ಮೇಲೆ ನಾಲ್ಕೆಳೆ. ಐದೆಳೆಗೆ ಕೈ ಹಾಕುವವರು ಪಂಚಲಿಂಗೇಶ್ವರನಿಗೆ ಒಂದು ಹಣ್ಣುಕಾಯಿ ಮಾಡಿಸಿಕೊಳ್ಳುವುದು ಕ್ಷೇಮ.

ಎರಡು ಜಡೆ ಒಂದು ಕಡೆ ಕೂಡುವುದಿಲ್ಲ ಎಂಬ ಗಾದೆ ಕಟ್ಟಿದವನು ಯಾವನೋ ಗಂಡಸೇ ಇರಬೇಕು. ಬಿಡುವಿನ ದಿನ ಜಗಲಿಯ ಕಡೆ ಅವನು ತಿರುಗಿಯೂ ನೋಡಿದವನಲ್ಲ. ಮೇಲಿನ ಮೆಟ್ಟಿಲಲ್ಲಿ ಅಜ್ಜಿ, ಕೆಳಗಿನದರಲ್ಲಿ ಮೊಮ್ಮಗಳು, ನಡುವೆ ಹರಳೆಣ್ಣೆ ಬಟ್ಟಲು. "ಅಲ್ಲಾಡ್ಬ್ಯಾಡ ಕಣೆ, ಬೈತಲೆ ಸೊಟ್ಟಗಾಯ್ತದೆ" ಎನ್ನುತ್ತಲೇ ವಿಚಾರಣೆ ಶುರು. ಎಷ್ಟು ಮಾರ್ಕ್ಸು? ರಾತ್ರಿ ಫೋನಲ್ಲಿ ಯಾರು? ಆ ಸಂಬಂಧ ಯಾಕೆ ಬೇಡ? ಜುಟ್ಟು ಕೈಗೆ ಕೊಟ್ಟವಳು ಎದ್ದು ಓಡುವುದೆಲ್ಲಿಗೆ? ಆದರೆ ಅಷ್ಟರಲ್ಲಿ ಅಜ್ಜಿಯ ಬೆರಳು ನೆತ್ತಿಗೆ ಎಣ್ಣೆ ತಟ್ಟಿರುತ್ತದೆ, ಆರೋಪಿಗೆ ನಿದ್ದೆ ಹತ್ತಿರುತ್ತದೆ. ಆ ಸುಖ ನಮ್ಮ ಕೈ ನಮಗೆ ಕೊಡುವುದಿಲ್ಲ.

ಆದ್ದರಿಂದ ತಾಯಂದಿರೇ, ತಂಗಿಯರೇ, ಜಡೆ ಹಾಕಿಕೊಳ್ಳುವುದನ್ನು ಖಂಡಿತ ಕಲಿಯಿರಿ. ಹಾಸ್ಟೆಲಿಗೆ ಬೇಕು, ಬಸ್ಸಿಗೆ ಬೇಕು, ಯಾರ ಹಂಗೂ ಇಲ್ಲದೆ ಹೊರಡುವುದಕ್ಕೆ ಬೇಕು. ಒಂದೇ ಎಚ್ಚರಿಕೆ: ಕಲಿತ ಸುದ್ದಿ ಅಜ್ಜಿಗೆ ಗೊತ್ತಾಗದಿರಲಿ.